ಖಡಕ್ ರೊಟ್ಟಿ ಮಾರೋರಿಗೆ ಸ್ವಂತ ಹೋಸ್ಟಿಂಗ್ ಬೇಕಾ? ವರ್ಷಗಟ್ಟಲೆ ಬಳಸಿದವಳ ಮಾತು

ಬಿಲ್‌ನಿಂದಲೇ ಶುರು ಮಾಡ್ತೀನಿ. ಮೊದಲ ವರ್ಷ 1,500 ರೂಪಾಯಿಗೆ ಕೊಟ್ಟ ಹೋಸ್ಟಿಂಗ್ (ಜಾಲತಾಣ ಇಡೋಕೆ ಬಾಡಿಗೆಗೆ ಸಿಗೋ ಸರ್ವರ್ ಜಾಗ) ನವೀಕರಣದ ಹೊತ್ತಿಗೆ 5,100 ಆಗಿತ್ತು. ಅದರ ಮೇಲೆ ಶೇ. 18 ಜಿಎಸ್‌ಟಿ, 918. ಒಟ್ಟು 6,018. ಕಾಲು ಕಿಲೋ ಶೇಂಗಾ ಹಿಂಡಿ (ಚಟ್ನಿಪುಡಿ) ಪ್ಯಾಕೆಟ್‌ನಲ್ಲಿ ಶೇಂಗಾ, ಬಳ್ಳೊಳ್ಳಿ, ಖಾರಪುಡಿ, ಗ್ಯಾಸು, ಪ್ಯಾಕಿಂಗು, ಕುಟ್ಟುವವರ ಕೂಲಿ ಎಲ್ಲ ಕಳೆದು ನನ್ನ ಕೈಗೆ ಉಳಿಯೋದು 20 ರೂಪಾಯಿ. ಅಂದರೆ ಮುನ್ನೂರು ಪ್ಯಾಕೆಟ್ ಹಿಂಡಿಯ ಲಾಭ ಸರ್ವರ್ ಬಾಡಿಗೆಗೇ ಹೋಯಿತು. ನಮ್ಮತ್ತೆ "ಅದೇನು ಜವಾಹರ ರೋಡಿನ್ಯಾಗಿನ ಅಂಗಡಿ ಏನ?" ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮದು ಕೊಪ್ಪಳದಲ್ಲಿ ಮನೆಯಿಂದಲೇ ನಡೆಯೋ ಸಣ್ಣ ವ್ಯಾಪಾರ. ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಜೋಳ ಯಲಬುರ್ಗಾ ಕಡೆಯ ಎರಿ ಹೊಲದ್ದು, ಹಿಂಗಾರಿನ ಬಿಳಿ ಜೋಳ. ಕೊಳ್ಳೋರಲ್ಲಿ ಊರಿನವರು ಕಡಿಮೆ, ಊರು ಬಿಟ್ಟವರು ಹೆಚ್ಚು: ಬೆಂಗಳೂರು, ಪುಣೆ, ದುಬೈ. ಅವರಿಗೆ ರೊಟ್ಟಿ ತೋರಿಸೋಕೆ ಬ್ಲಾಗ್ ಬರೀತೀನಿ. ಮೊದಲು ಗೂಗಲ್‌ನ ಪುಕ್ಕಟೆ ಬ್ಲಾಗ್ ಸೇವೆ ಬ್ಲಾಗರ್, ಆಮೇಲೆ ಸ್ವಂತ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್ (ಜಾಲತಾಣ ಕಟ್ಟೋ ತಂತ್ರಾಂಶ) ಮತ್ತು ಅದಕ್ಕೆ ಅಂಗಡಿ ಜೋಡಿಸೋ ವೂಕಾಮರ್ಸ್, ಈಗ ಮತ್ತೆ ಬ್ಲಾಗರ್, ಆದರೆ ಸ್ವಂತ ಡೊಮೈನ್ (ಜಾಲತಾಣದ ವಿಳಾಸ) ಹೆಸರಲ್ಲಿ. ಯಾವುದರಲ್ಲಿ ಎಷ್ಟು ಥೀಮ್ (ಪುಟದ ವಿನ್ಯಾಸ) ಇದೆ, ಎಷ್ಟು ಪ್ಲಗಿನ್ (ಹೆಚ್ಚಿನ ಸೌಲಭ್ಯ ಕೊಡೋ ಸಣ್ಣ ತಂತ್ರಾಂಶ) ಇದೆ ಅನ್ನೋದು ಎಲ್ಲ ಕಡೆ ಸಿಗುತ್ತೆ, ಅದನ್ನ ಇಲ್ಲಿ ಬರೆಯಲ್ಲ. ಹೋಸ್ಟಿಂಗ್ ಕಂಪನಿಯ ಹೆಸರನ್ನೂ ಬರೆಯಲ್ಲ. ವಿಚಾರಿಸಿ ನೋಡಿದೆ, ಅಗ್ಗದ ಪ್ಲಾನ್ ಕೊಡೋರೆಲ್ಲರದೂ ಹೆಚ್ಚುಕಡಿಮೆ ಇದೇ ಕತೆ.

ನನ್ನ ದಿನಚರಿ ಹೇಳಿದರೆ ಉಳಿದದ್ದು ಅರ್ಥ ಆಗುತ್ತೆ. ಬೆಳಗ್ಗೆ ಬಡಿದ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಒಣಗಿ ಖಡಕ್ ಆಗಿರ್ತವೆ. ಎರಡು, ಎರಡೂವರೆಗೆ ಹಿತ್ತಲ ಬಾಗಿಲಿಂದ ಓರೆ ಬೆಳಕು ಬರುತ್ತೆ. ಅದೇ ನನ್ನ ಸ್ಟುಡಿಯೋ. ಹಳೇ ಮೊರದ ಮೇಲೆ ರೊಟ್ಟಿ ಗೂಡು ಕಟ್ಟಿ, ಮೇಲಿನದನ್ನ ಅರ್ಧ ಮುರಿದು ಇಡ್ತೀನಿ. ಮುರಿದ ಅಂಚು ಕಂಡರೇನೇ ಅದು ಎಷ್ಟು ತೆಳುವು ಅಂತ ಗೊತ್ತಾಗೋದು. ಸಜ್ಜಿ ರೊಟ್ಟಿಯಾದರೆ ಎಳ್ಳು ಹಚ್ಚಿದ ಮುಖ ಬೆಳಕಿಗೆ. ಹಿಂಡಿಯನ್ನ ಮಾತ್ರ ನೆರಳಲ್ಲಿ ತೆಗೀಬೇಕು, ಬಿಸಿಲಿಗೆ ಹಿಡಿದರೆ ಖಾರದ ಬಣ್ಣ ಇಟ್ಟಿಗೆ ಪುಡಿ ಕಂಡಂಗೆ ಕಾಣುತ್ತೆ. ಆಮೇಲೆ ಚಹಾ. ಚಹಾ ಕುಡೀತಾ ಫೋನಲ್ಲೇ ನಾಲ್ಕು ಸಾಲು ಬರೆದು ಹಾಕೋದು: ಈ ಸಲದ ಜೋಳ ಹ್ಯಾಂಗದ, ಬೆಂಗಳೂರಿನ ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗದ ಹಾಗೆ ಹ್ಯಾಂಗ ಇಡಬೇಕು, ಅಗಸಿ ಎಷ್ಟು ಹುರಿದರೆ ಕಹಿ ಆಗಲ್ಲ. ಇಂಥವೇ ಆರ್ಡರ್ ತರೋದು. "ನಮ್ಮಲ್ಲಿ ಶುದ್ಧ, ರುಚಿಕರ, ಗುಣಮಟ್ಟದ" ಅಂತ ಬರೆದ ಪುಟದಿಂದ ಒಂದು ಪ್ಯಾಕೆಟ್ ಕೂಡ ಹೋಗಿಲ್ಲ.

ಸ್ವಂತ ಹೋಸ್ಟಿಂಗ್‌ಗೆ ಹೋಗಿದ್ದು ಇದೇ ಬರಹದ ಮಧ್ಯೆ "ಬುಟ್ಟಿಗೆ ಹಾಕಿ" ಅನ್ನೋ ಗುಂಡಿ ಕೂರಿಸೋ ಆಸೆಗೆ. ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ದುಡ್ಡಿಲ್ಲ, 2003ರಿಂದಲೂ ಮುಕ್ತ. ವೂಕಾಮರ್ಸ್ ಕೂಡ ಪುಕ್ಕಟೆ. ಅದೇ ಹೆಸರಿನ ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನೋ ಸೇವೆ ಬೇರೆ. ಅದರ ಪುಕ್ಕಟೆ ಪ್ಲಾನಲ್ಲಿ ಅವರ ಜಾಹೀರಾತು ಬರುತ್ತೆ, ಮಾರೋ ಪುಟದಲ್ಲಿ ಇನ್ನೊಬ್ಬರ ಜಾಹೀರಾತು ನನಗೆ ಬೇಡ. ಹಾಗಾಗಿ ಸ್ವಂತದ್ದೇ ಆಗಲಿ ಅಂತ. ಮೊದಲ ಕೆಲವು ತಿಂಗಳು ಖುಷಿಯೋ ಖುಷಿ. ಸ್ಟಾಕ್ ಎಂಟು ಅಂತ ಹಾಕಿದರೆ ಎಂಟನೇ ಪ್ಯಾಕೆಟ್ ಹೋದ ಕೂಡಲೇ ಅದೇ "ಮುಗಿದಿದೆ" ಅಂತ ತೋರಿಸೋದು. ರಾತ್ರಿ ಹನ್ನೊಂದಕ್ಕೆ "ಅಕ್ಕಾ ಅಗಸಿ ಹಿಂಡಿ ಐತೇನ್ರಿ?" ಅನ್ನೋ ಮೆಸೇಜ್ ನಿಂತೇಹೋಯಿತು.

ಹಾಗಂದುಕೊಂಡೆ ಅಷ್ಟೇ. ಬುಟ್ಟಿಗೆ ಹಾಕಿದ ಜನ ದುಡ್ಡು ಕಟ್ಟೋ ಪುಟಕ್ಕೆ ಬಂದು, ಅಲ್ಲಿಂದ ವಾಪಸ್ ವಾಟ್ಸಾಪ್‌ಗೇ ಬರ್ತಿದ್ದರು. ವಿಳಾಸ ತುಂಬೋದು, ಪಿನ್ ಕೋಡ್, ಪಾಸ್‌ವರ್ಡ್, ಒಟಿಪಿ ಯಾರಿಗೂ ಬೇಡ. "ಹಾಕೀನ್ರೀ ಅಕ್ಕಾ ಬುಟ್ಟಿಗೆ, ರೊಕ್ಕ ಫೋನ್‌ಪೇ ಮಾಡ್ಲೇನು?" ಆನ್‌ಲೈನ್ ದುಡ್ಡು ವಸೂಲಿ ಮಾಡಿಕೊಡೋ ಗೇಟ್‌ವೇಗೆ ಸುಮಾರು ಶೇ. 2 ಕೊಟ್ಟು ಕಟ್ಟಿದ ಪುಟ ನೋಡೋಕೆ ಮಾತ್ರ ಚೆಂದ. ಊರಿನ ರೊಟ್ಟಿ ಕೊಳ್ಳೋರಿಗೆ ಊರಿನವರ ಜೊತೆ ಎರಡು ಮಾತೂ ಬೇಕು, ಅದನ್ನ ಯಾವ ಪ್ಲಗಿನ್ನೂ ಕೊಡಲ್ಲ.

ಈಗ ಜಾತ್ರೆ ವಾರದ ಸಂಗತಿ. ಪುಷ್ಯ ಮಾಸದಲ್ಲಿ ಗವಿಸಿದ್ಧೇಶ್ವರ ಜಾತ್ರೆ ಅಂದರೆ ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೂ ರೊಟ್ಟಿ ಬಡಿಯೋ ಸದ್ದು. ಟ್ರ್ಯಾಕ್ಟರ್ ತುಂಬ ರೊಟ್ಟಿ ಗವಿಮಠದ ಮಹಾದಾಸೋಹಕ್ಕೆ ಹೋಗ್ತವೆ. ಆ ರೊಟ್ಟಿಗೆ ಹಿಟ್ಟು ಹ್ಯಾಂಗ ಕಲಸ್ತಾರೆ, ಹಂಚು ಎಷ್ಟು ಕಾಯಿಸ್ತಾರೆ ಅಂತ ಒಂದು ಬರಹ ಹಾಕಿದ್ದೆ. ಊರು ಬಿಟ್ಟವರ ವಾಟ್ಸಾಪ್ ಗುಂಪುಗಳಲ್ಲಿ ಅದು ಓಡಾಡಿಬಿಟ್ಟಿತು. ಮಧ್ಯಾಹ್ನ ಮೊರ, ರೊಟ್ಟಿ, ಬೆಳಕು ಎಲ್ಲ ಸರಿಯಾಗಿ ಕೂತಿದೆ, ಫೋನ್ ತೆಗೆದು ಸೈಟ್ ತೆರೀತೀನಿ: 508, ರಿಸೋರ್ಸ್ ಲಿಮಿಟ್ ಮುಗಿದಿದೆ. ಬಿಳೀ ಪುಟ, ಕರೀ ಅಕ್ಷರ. ಒಂದೇ ಸರ್ವರಿನಲ್ಲಿ ನೂರಾರು ಸೈಟ್ ಕೂರಿಸಿರ್ತಾರೆ, ಪ್ರತಿಯೊಂದಕ್ಕೂ ಇಷ್ಟೇ ಸಿಪಿಯು, ಇಷ್ಟೇ ಮೆಮೊರಿ ಅಂತ ಕಟ್ಟು. ಜನ ಹೆಚ್ಚು ಬಂದರೆ ಅಂಗಡಿ ತಾನೇ ಬಾಗಿಲು ಹಾಕ್ಕೊಳ್ಳುತ್ತೆ. ಸಹಾಯವಾಣಿಯ ಚಾಟ್‌ನಲ್ಲಿ ಕೂತವರು ಬಹಳ ವಿನಯದಿಂದ ದೊಡ್ಡ ಪ್ಲಾನಿನ ಲಿಂಕ್ ಕಳಿಸಿದರು. ವರ್ಷಕ್ಕೊಮ್ಮೆ ಬರೋ ಜನಕ್ಕೆ ವರ್ಷವಿಡೀ ದೊಡ್ಡ ಬಾಡಿಗೆ ಕಟ್ಟೋಕೆ ನಾನೇನು ಅಕ್ಕಿ ಗಿರಣಿ ಇಟ್ಟಿಲ್ಲ.

ಇದಕ್ಕೆ ಮುಂಚೆಯೇ ಇನ್ನೊಂದು ಕಿರಿಕಿರಿ ಶುರುವಾಗಿತ್ತು. ಡಿಸ್ಕ್ ಅರ್ಧ ಖಾಲಿ ಇದ್ದರೂ "ಐನೋಡ್ ಮಿತಿ ಹತ್ತಿರವಾಗಿದೆ" ಅಂತ ಎಚ್ಚರಿಕೆ ಬರೋದು. ಐನೋಡ್ ಅಂದರೆ ಒಟ್ಟು ಫೈಲ್‌ಗಳ ಲೆಕ್ಕ. ಫೋನಿನ ದೊಡ್ಡ ಫೋಟೋ ಒಂದನ್ನ ಏರಿಸಿದರೆ ವರ್ಡ್‌ಪ್ರೆಸ್ ಅದನ್ನ ಬೇರೆಬೇರೆ ಅಳತೆಗೆ ಕತ್ತರಿಸಿ ಎಂಟು ಫೈಲ್ ಮಾಡಿ ಇಡುತ್ತೆ. ಅದರಲ್ಲಿ ತೀರಾ ದೊಡ್ಡ ಅಳತೆಗಳು 2019ರ 5.3 ಆವೃತ್ತಿಯಿಂದ ಸೇರಿಕೊಂಡವು. ವೂಕಾಮರ್ಸ್ ತನ್ನವು ಇನ್ನೆರಡು ಮೂರು ಸೇರಿಸುತ್ತೆ. ದಿನಾ ಮಧ್ಯಾಹ್ನ ಮೊರದ ಫೋಟೋ ತೆಗೆಯೋ ನನ್ನಂಥವಳಿಗೆ ಈ ಲೆಕ್ಕ ಎಲ್ಲಿ ಹೋಗಿ ಮುಟ್ಟುತ್ತೆ ಅಂತ ನೀವೇ ಗುಣಿಸಿ ನೋಡಿ. "ಅನ್‌ಲಿಮಿಟೆಡ್ ಸ್ಟೋರೇಜ್" ಅನ್ನೋ ದೊಡ್ಡ ಅಕ್ಷರದ ಕೆಳಗೆ ಈ ಮಿತಿ ಸಣ್ಣ ಅಕ್ಷರದಲ್ಲಿ ಇರುತ್ತೆ.

ಇನ್ನು ಅಪ್‌ಡೇಟು. ಜಗತ್ತಿನ ಶೇ. 40ಕ್ಕೂ ಹೆಚ್ಚು ಜಾಲತಾಣಗಳು ವರ್ಡ್‌ಪ್ರೆಸ್ ಮೇಲಿವೆ. ಹಾಗಾಗಿ ಅದರ ಲಾಗಿನ್ ಪುಟ ತಟ್ಟೋ ಕಳ್ಳ ಪ್ರೋಗ್ರಾಮ್‌ಗಳಿಗೆ ಕೊಪ್ಪಳದ ಹಿಂಡಿ ಅಂಗಡಿಯೂ ಒಂದೇ, ಅಮೆರಿಕದ ಪತ್ರಿಕೆಯೂ ಒಂದೇ. ಪ್ಲಗಿನ್ ಹಳೇದಾದರೆ ತೂತು, ಹೊಸದಕ್ಕೆ ಏರಿಸಿದರೆ ಥೀಮ್ ಮುನಿಸಿಕೊಳ್ಳುತ್ತೆ. ವರ್ಡ್‌ಪ್ರೆಸ್ ಬರೆದಿರೋ ಪಿಎಚ್‌ಪಿ ಭಾಷೆಯ 7.4 ಆವೃತ್ತಿಗೆ 2022ರ ನವೆಂಬರಿನಲ್ಲಿ ಬೆಂಬಲ ನಿಂತ ಮೇಲೆ ಹೋಸ್ಟಿಂಗ್‌ನವರು ಎಲ್ಲರನ್ನೂ 8ಕ್ಕೆ ಏರಿಸಿದರು. ನನ್ನ ಹಳೇ ಥೀಮ್ ಅವತ್ತೇ ಗೊಟಕ್ ಅಂದಿತು. ಸ್ವಂತ ಹೋಸ್ಟಿಂಗ್ ಅಂದರೆ ಎಮ್ಮೆ ಕಟ್ಟಿದ ಹಾಗೆ: ಹಾಲೂ ನಿಮ್ಮದೇ, ಸಗಣಿಯೂ ನಿಮ್ಮದೇ. ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ ಆರ್ಡರ್ ಮೈಮೇಲೆ ಬಂದಿರೋವಾಗ ಕೆಂಪು ಗುಂಡಿನೊಳಗೆ "11 ಅಪ್‌ಡೇಟ್" ಅಂತ ಕಂಡರೆ ಕೈಲಿದ್ದ ಹಿಟ್ಟು ತೊಳೀಬೇಕೋ ಬಿಡಬೇಕೋ ಗೊತ್ತಾಗಲ್ಲ.

ಹೀಗೆಲ್ಲ ಬೈದರೂ ಸ್ವಂತ ಹೋಸ್ಟಿಂಗ್ ನನಗೆ ಕೊಟ್ಟ ಒಂದು ಸುಖ ಇದೆ, ಅದನ್ನ ಹೇಳದಿದ್ದರೆ ಅನ್ಯಾಯ. ಅದು ಲಿಂಕಿನದ್ದು.

ಬ್ಲಾಗರ್‌ನಲ್ಲಿ ಕನ್ನಡ ತಲೆಬರಹ ಕೊಟ್ಟರೆ ಅದು ಕನ್ನಡ ಅಕ್ಷರ ಎಲ್ಲ ಬಿಟ್ಟು "ಬ್ಲಾಗ್-ಪೋಸ್ಟ್" ಅಂತ ಲಿಂಕ್ ಮಾಡುತ್ತೆ, ಮುಂದಿನವಕ್ಕೆ ಬಾಲಕ್ಕೊಂದು ಸಂಖ್ಯೆ. ಶೇಂಗಾ ಹಿಂಡಿಗೂ ಅದೇ, ಅಗಸಿ ಹಿಂಡಿಗೂ ಅದೇ. ವರ್ಡ್‌ಪ್ರೆಸ್ ಕನ್ನಡವನ್ನ ಇಟ್ಟುಕೊಳ್ಳುತ್ತೆ, ಆದರೆ ಅಲ್ಲಿ ಬೇರೆ ತಮಾಷೆ. ಲಿಂಕ್ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತು ಸೇರಿ ಒಂಬತ್ತು ಅಕ್ಷರ ಆಗುತ್ತೆ. "ಶೇಂಗಾ-ಹಿಂಡಿ" ಅನ್ನೋ ಎರಡು ಪದವೇ 91 ಅಕ್ಷರದ ಹಾವು. ಹೆಸರಿಗೆ ವರ್ಡ್‌ಪ್ರೆಸ್ ಇಟ್ಟಿರೋ ಜಾಗ ಬರೀ 200 ಅಕ್ಷರ. ಹಾಗಾಗಿ "ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುವ ವಿಧಾನ" ಅನ್ನೋದು "ಎಳ್ಳು-ಹಚ್ಚಿದ-ಸಜ್ಜಿ-ರೊಟ್ಟ" ಅನ್ನೋವಲ್ಲಿಗೆ ಕತ್ತರಿಸಿ ಹೋಗುತ್ತೆ, ಕೊನೇ ಗುಡಿಸಿಗೆ ಜಾಗ ಸಾಲಲ್ಲ. ಎರಡೂ ಕಡೆ ಪರಿಹಾರ ಒಂದೇ: ಪ್ರಕಟಿಸೋ ಮುಂಚೆ ಲಿಂಕಿನ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಕೈಯಿಂದಲೇ ಚಿಕ್ಕದಾಗಿ ಕೊಡೋದು. ಬ್ಲಾಗರ್‌ನಲ್ಲಿ ಬಲಗಡೆ ಪರ್ಮಾಲಿಂಕ್ ಅನ್ನೋ ಕಡೆ ಅದಕ್ಕೆ ಅವಕಾಶ ಇದೆ. ಪ್ರಕಟವಾದ ಮೇಲೆ ಮಾತ್ರ ಅದನ್ನ ಮುಟ್ಟಬೇಡಿ.

ಸುಖ ಯಾವುದು ಅಂದರೆ, ಮೊದಲ ಕಾಲದ ಹಿಂಡಿ ಡಬ್ಬಿ ಸ್ಟಿಕ್ಕರ್‌ಗಳ ಮೇಲೆ ಬ್ಲಾಗರ್ ಪುಕ್ಕಟೆ ಕೊಡೋ ಬ್ಲಾಗ್‌ಸ್ಪಾಟ್ ವಿಳಾಸದ ಕ್ಯೂಆರ್ ಅಚ್ಚಾಗಿತ್ತು. ಡಬ್ಬಿ ಖಾಲಿಯಾದ ಮೇಲೂ ಜನ ಅದರಲ್ಲಿ ಜೀರಿಗೆ, ಸಾಸಿವೆ ಹಾಕಿ ವರ್ಷಗಟ್ಟಲೆ ಇಟ್ಕೊಳ್ತಾರೆ. ಬ್ಲಾಗರ್‌ಗೆ ಸ್ವಂತ ಡೊಮೈನ್ ಜೋಡಿಸಿದರೆ ಹಳೇ ಬ್ಲಾಗ್‌ಸ್ಪಾಟ್ ವಿಳಾಸ ತಾನಾಗಿ ಹೊಸ ಹೆಸರಿಗೆ ದಾರಿ ತೋರಿಸುತ್ತೆ. ಆ ಜೋಡಣೆ ಹಾಗೇ ಬಿಟ್ಟು, ವರ್ಡ್‌ಪ್ರೆಸ್‌ನಲ್ಲಿ ಲಿಂಕಿನ ನಮೂನೆಯನ್ನ ವರ್ಷ, ತಿಂಗಳು, ಹೆಸರು, ಕೊನೆಗೆ ಡಾಟ್ ಎಚ್‌ಟಿಎಂಎಲ್ ಅಂತ ಬ್ಲಾಗರ್‌ನಂತೆಯೇ ಇಟ್ಟಿದ್ದೆ. ಸರ್ವರ್ ಬದಲಾದರೂ ಹಳೇ ಸ್ಟಿಕ್ಕರ್ ಕೆಲಸ ಮಾಡ್ತಾ ಇತ್ತು. ಪುಣೆಯಿಂದ ಒಬ್ಬರು ಸಾಸಿವೆ ಡಬ್ಬಿಯ ಫೋಟೋ ಕಳಿಸಿ, "ಇದನ್ನ ಸ್ಕ್ಯಾನ್ ಮಾಡಿ ಬಂದೆ, ಗುರೆಳ್ಳು ಐತೇನ್ರಿ?" ಅಂದರು. ಲಿಂಕಿನ ನಮೂನೆ ಹೀಗೆ ನಮಗೆ ಬೇಕಾದಂತೆ ಬಾಗಿಸೋಕೆ ಬ್ಲಾಗರ್‌ನಲ್ಲಿ ಆಗಲ್ಲ, ಸ್ವಂತ ಹೋಸ್ಟಿಂಗ್‌ನಲ್ಲಿ ಆಗುತ್ತೆ. ಡೊಮೈನ್ ಮಾತ್ರ ನಮ್ಮದಾಗಿರಬೇಕು. ಅದಕ್ಕೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿ ಖರ್ಚು.

ಹೋದ ಮಳೆಗಾಲದಲ್ಲಿ ಮತ್ತೆ ಬ್ಲಾಗರ್‌ಗೆ ಬಂದೆ. ಬರೋದು ಹೋದಷ್ಟು ಸಲೀಸಲ್ಲ. ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಸಾಗಿಸೋ ಸಾಧನ ಇದೆ, ಉಲ್ಟಾ ಹಾದಿಗೆ ಬ್ಲಾಗರ್ ತನ್ನದೇ ನಮೂನೆಯ ಫೈಲ್ ಮಾತ್ರ ಒಪ್ಪುತ್ತೆ. ಆರ್ಡರ್ ತರೋ ಬರಹಗಳನ್ನ ಆರಿಸಿ ಕೈಯಿಂದಲೇ ಹಾಕಿದೆ. ಮಿಕ್ಕವು ನನ್ನ ಪೆನ್‌ಡ್ರೈವ್‌ನಲ್ಲಿ ಭದ್ರ. ಡೊಮೈನ್ ಕಡೆ ಎರಡು ಸಿನೇಮ್, ನಾಲ್ಕು ಎ ರೆಕಾರ್ಡ್ (ಈ ಹೆಸರು ಯಾವ ಸರ್ವರಿಗೆ ಹೋಗಬೇಕು ಅಂತ ಹೇಳೋ ಸಾಲುಗಳು) ಹಾಕಿದರೆ ಆಯ್ತು. ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ಬೀಗ ಗೂಗಲ್‌ನವರೇ ಪುಕ್ಕಟೆ ಹಾಕಿಕೊಡ್ತಾರೆ. ಈ ಸಲದ ಜಾತ್ರೆ ವಾರದಲ್ಲೂ ಅದೇ ಬರಹ ಮತ್ತೆ ಓಡಾಡಿತು, ಐನೂರೆಂಟೂ ಇಲ್ಲ, ಗಿನೂರೆಂಟೂ ಇಲ್ಲ. ಪ್ರತಿ ಬರಹದ ಕೆಳಗೆ ಒಂದು ವಾಟ್ಸಾಪ್ ಲಿಂಕ್. ಅದನ್ನ ಒತ್ತಿದರೆ "ನಮಸ್ಕಾರ, ಅಗಸಿ ಹಿಂಡಿ ಬೇಕಿತ್ತು" ಅಂತ ಮೊದಲೇ ಬರೆದ ಮೆಸೇಜ್ ತೆರೆದುಕೊಳ್ಳುತ್ತೆ. ಮಧ್ಯಾಹ್ನದ ಚಹಾ ಮತ್ತೆ ಚಹಾ ಆಗಿದೆ.

ಕೊರತೆ ಇಲ್ಲ ಅಂತಲ್ಲ. ಬ್ಲಾಗರ್‌ಗೆ ಸ್ಟಾಕ್ ಗೊತ್ತಿಲ್ಲ, ಹನ್ನೊಂದು ಗಂಟೆ ರಾತ್ರಿಯ "ಐತೇನ್ರಿ" ಮೆಸೇಜ್‌ಗಳು ವಾಪಸ್ ಬಂದಿವೆ. ಥೀಮ್‌ಗಳು ಹಳೇ ಕಾಲದವು. ಗೂಗಲ್ 2013ರಲ್ಲಿ ಬ್ಲಾಗ್ ಓದೋ ರೀಡರ್ ಸೇವೆ ಮುಚ್ಚಿತು, 2019ರಲ್ಲಿ ತನ್ನ ಸಾಮಾಜಿಕ ಜಾಲ ಪ್ಲಸ್ ಮುಚ್ಚಿತು. ಇದನ್ನೂ ಒಂದು ದಿನ ಮುಚ್ಚಬಹುದು ಅನ್ನೋ ಅಳುಕು ನನಗೂ ಇದೆ. ಅದಕ್ಕೇ ತಿಂಗಳಿಗೊಮ್ಮೆ ಬ್ಯಾಕಪ್ ಫೈಲ್ ಇಳಿಸಿಕೊಳ್ತೀನಿ. ಸ್ಟಿಕ್ಕರ್ ಮೇಲೆ ಈಗ ನನ್ನ ಡೊಮೈನ್ ಮಾತ್ರ ಅಚ್ಚಾಗೋದು, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ ಕೊಟ್ಟ 14 ಅಂಕಿಯ ಸಂಖ್ಯೆಯ ಪಕ್ಕದಲ್ಲೇ.

ನನ್ನ ಲೆಕ್ಕದಲ್ಲಿ ಸ್ವಂತ ಡೊಮೈನಿನ ಬ್ಲಾಗರ್‌ಗೆ ಐದಕ್ಕೆ ನಾಲ್ಕು, ಅಗ್ಗದ ಹೋಸ್ಟಿಂಗ್‌ಗೆ ಎರಡು. ತಿಂಗಳಿಗೆ ನೂರಾರು ಆರ್ಡರ್ ಇದ್ದು, ಕಂಪ್ಯೂಟರ್ ಬಲ್ಲ ಮಗನೋ ಮಗಳೋ ಮನೇಲಿದ್ದರೆ ಎರಡನೆಯದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಹೋಸ್ಟಿಂಗ್ ಕೊಳ್ಳಲೇಬೇಕು ಅಂದರೆ ಮೊದಲ ವರ್ಷದ ದರ ನೋಡಬೇಡಿ. ಎರಡನೇ ವರ್ಷದ ದರ, ಜಿಎಸ್‌ಟಿ ಸೇರಿಸಿ ಎಷ್ಟು? ಐನೋಡ್ ಮಿತಿ ಎಷ್ಟು? ಬ್ಯಾಕಪ್ ವಾಪಸ್ ಕೊಡೋಕೆ ಬೇರೆ ದುಡ್ಡು ಕೇಳ್ತಾರಾ? ಈ ಮೂರನ್ನೂ ಚಾಟ್‌ನಲ್ಲಿ ಬರೆಸಿಕೊಂಡು ಸ್ಕ್ರೀನ್‌ಶಾಟ್ ಇಟ್ಕೊಂಡ ಮೇಲೇ ರೊಕ್ಕ ಕಟ್ಟಿ.