‘ರಿಡಂಡೆನ್ಸಿ ಇದೆ’ ಎಂದು ಪರದೆ ಹೇಳಿದರೂ ಚಾಸಿಸ್‌ನ ಹಿಂಬದಿಗೆ ಹೋಗಿ ಕೇಬಲ್ ನೋಡಿ

ನಾನು ಕೆಲಸ ಮಾಡುವ ಶಿಕ್ಷಣ ಸಂಸ್ಥೆಯ ಸರ್ವರ್ ಕೋಣೆಯಲ್ಲಿ ಹದಿನಾಲ್ಕು ಬ್ಲೇಡ್ ಸರ್ವರ್‌ಗಳಿರುವ (ತೆಳುವಾದ, ಪಕ್ಕಪಕ್ಕದಲ್ಲಿ ಕೂಡಿಸುವ ಸರ್ವರ್‌ಗಳು) ಒಂದು ಚಾಸಿಸ್, ಅಂದರೆ ಅವೆಲ್ಲಕ್ಕೂ ವಿದ್ಯುತ್ ಒದಗಿಸುವ ದೊಡ್ಡ ಪೆಟ್ಟಿಗೆ, ಇದೆ. ಅದರ ಹಿಂಬದಿಯಲ್ಲಿ ತಲಾ 2700 ವ್ಯಾಟ್‌ನ ಆರು ಪವರ್ ಸಪ್ಲೈಗಳಿವೆ. ಮೊದಲ ಮೂರು ‘ಎ’ ಯುಪಿಎಸ್‌ನಿಂದ, ಉಳಿದ ಮೂರು ‘ಬಿ’ ಯುಪಿಎಸ್‌ನಿಂದ ವಿದ್ಯುತ್ ಪಡೆಯಬೇಕೆಂಬುದು ಅಳವಡಿಸಿದ ದಿನದ ಯೋಜನೆ. ಒಂದು ಯುಪಿಎಸ್ ಪೂರ್ತಿ ನಿಂತರೂ ಇನ್ನೊಂದು ಬದಿಯ ಮೂರು ಸಪ್ಲೈಗಳು ಸೇರಿ 8100 ವ್ಯಾಟ್ ಕೊಡಬಲ್ಲವು. ನಮ್ಮ ಬಳಕೆ ಎಂದೂ 6000 ದಾಟಿರಲಿಲ್ಲ. ಹೀಗಿದ್ದೂ ಒಂದು ರಾತ್ರಿ ಇಡೀ ಚಾಸಿಸ್ ಒಮ್ಮೆಗೇ ಆರಿಹೋಯಿತು. ಇಂಥದೇ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ.

ಆ ದಿನ ‘ಎ’ ಯುಪಿಎಸ್‌ನ ಬ್ಯಾಟರಿ ಬದಲಿಸುವ ಕೆಲಸವಿತ್ತು. ರಾತ್ರಿ ಹತ್ತಕ್ಕೆ ಅದನ್ನು ನಿಲ್ಲಿಸಿದೆವು. ಸರ್ವರ್‌ಗಳು ಅಲುಗಾಡಲಿಲ್ಲ, ಬಳಕೆ 4700 ವ್ಯಾಟ್ ತೋರಿಸುತ್ತಿತ್ತು. ಚಾಸಿಸ್‌ನ ನಿರ್ವಹಣಾ ಪರದೆಯಲ್ಲಿ ‘ರಿಡಂಡೆನ್ಸಿ ಇಲ್ಲ’ (ಒಂದು ಕೆಟ್ಟರೆ ಅದರ ಕೆಲಸ ಹೊರಲು ಹೆಚ್ಚುವರಿ ಸಪ್ಲೈ ಇಲ್ಲ) ಎಂಬ ಹಳದಿ ಎಚ್ಚರಿಕೆ ಬಂದಿತ್ತು. ಒಂದು ಬದಿ ನಿಂತಿರುವಾಗ ಅದು ಸಹಜವೆಂದುಕೊಂಡು ನಾನೇ ಅದನ್ನು ಮುಚ್ಚಿದೆ. ಹನ್ನೊಂದೂವರೆಗೆ ಬ್ಯಾಕಪ್ ಆರಂಭವಾಯಿತು, ಬಳಕೆ 5900ರತ್ತ ಏರಿತು, ಕೆಲವೇ ಕ್ಷಣಗಳಲ್ಲಿ ಫ್ಯಾನ್‌ಗಳ ಸದ್ದು ನಿಂತಿತು.

ಕಾರಣ ಬೆಳಗಿನ ಜಾವ ಸಿಕ್ಕಿತು. ಎಂಟು ತಿಂಗಳ ಹಿಂದೆ ಐದನೆಯ ಪವರ್ ಸಪ್ಲೈ ಕೆಟ್ಟು ಹೊಸದನ್ನು ಹಾಕಿದಾಗ ಅದರ ಕೇಬಲ್ಲನ್ನು ‘ಬಿ’ ಬದಿಯ ಪಿಡಿಯು (ಯುಪಿಎಸ್‌ನ ವಿದ್ಯುತ್ತನ್ನು ಹಂಚುವ ಸಾಕೆಟ್ ಪಟ್ಟಿ) ಬದಲು ‘ಎ’ ಬದಿಯದಕ್ಕೆ ಚುಚ್ಚಲಾಗಿತ್ತು. ಅಂದರೆ ‘ಎ’ ನಿಂತಾಗ ಉಳಿದದ್ದು ಎರಡೇ ಸಪ್ಲೈ, ಒಟ್ಟು 5400 ವ್ಯಾಟ್. 4700ರಲ್ಲಿ ಅವು ಹೇಗೋ ತಾಳಿಕೊಂಡವು. 5900ರಲ್ಲಿ ಪ್ರತಿಯೊಂದರ ಮೇಲೂ 2950 ವ್ಯಾಟ್ ಬಿದ್ದು, ತಮ್ಮನ್ನು ಕಾಪಾಡಿಕೊಳ್ಳಲು ಎರಡೂ ಸ್ಥಗಿತಗೊಂಡವು. ಇಂಥ ಹೊತ್ತಿನಲ್ಲಿ ಬ್ಲೇಡ್‌ಗಳ ವೇಗ ತಗ್ಗಿಸಿ ಬಳಕೆ ಇಳಿಸುವ ಸೌಲಭ್ಯ ಚಾಸಿಸ್‌ನಲ್ಲಿತ್ತು. ಡೇಟಾಬೇಸ್ ನಿಧಾನವಾಗುತ್ತದೆಂಬ ದೂರಿನ ಮೇರೆಗೆ ಅದನ್ನು ನಾವೇ ಆರಿಸಿಟ್ಟಿದ್ದೆವು.

ಎಂಟು ತಿಂಗಳು ಇದು ಕಣ್ಣಿಗೆ ಬೀಳದಿದ್ದುದಕ್ಕೆ ಮುಖ್ಯ ಕಾರಣ ನಾವು ಆಯ್ದುಕೊಂಡಿದ್ದ ರಿಡಂಡೆನ್ಸಿಯ ಬಗೆ. ‘ಎನ್ ಪ್ಲಸ್ ಒನ್’ ಎಂದರೆ ಒಂದು ಪವರ್ ಸಪ್ಲೈ ಕೆಟ್ಟರೆ ಉಳಿದವು ಸಾಕಾಗುತ್ತವೆ ಎಂದಷ್ಟೇ ಅರ್ಥ. ಒಂದು ಇಡೀ ಬದಿ ಹೋದರೂ ಸಾಕಾಗಬೇಕೆಂಬುದು ‘ಎನ್ ಪ್ಲಸ್ ಎನ್’. ನಮ್ಮಲ್ಲಿದ್ದುದು ಮೊದಲನೆಯದು, ಮತ್ತು ಆರು ಸಪ್ಲೈಗಳಲ್ಲಿ ಒಂದು ಹೋದರೂ 13,500 ವ್ಯಾಟ್ ಉಳಿಯುವುದರಿಂದ ಪರದೆ ಹಸಿರಾಗಿಯೇ ಇತ್ತು. ಅದು ಸುಳ್ಳು ಹೇಳಲಿಲ್ಲ, ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿತು. ಆ ರಾತ್ರಿಯ ಹಳದಿ ಎಚ್ಚರಿಕೆಯೂ ಇದೇ ಲೆಕ್ಕದ್ದು: ಮೂರು ಸಪ್ಲೈ ಉಳಿದಿದ್ದರೆ 4700 ವ್ಯಾಟ್‌ಗೆ ಎರಡು ಸಾಕಾಗಿ ಒಂದು ಹೆಚ್ಚಿಗೆ ಇರುತ್ತಿತ್ತು, ಎಚ್ಚರಿಕೆ ಬರುತ್ತಲೇ ಇರಲಿಲ್ಲ. ನಾನು ಸಹಜವೆಂದುಕೊಂಡು ಮುಚ್ಚಿದ್ದು ನಿಜವಾದ ಸುಳಿವನ್ನೇ.

ಹಾಗೆಂದು ‘ಎನ್ ಪ್ಲಸ್ ಎನ್’ ಎಂದು ಬದಲಿಸಿದರೆ ಮುಗಿಯಿತೆಂದು ತಿಳಿಯಬೇಡಿ. ಯಾವ ಕೇಬಲ್ ಯಾವ ಯುಪಿಎಸ್‌ಗೆ ಹೋಗಿದೆ ಎಂಬುದು ಚಾಸಿಸ್‌ಗೆ ತಿಳಿಯುವುದಿಲ್ಲ. ಮೊದಲ ಮೂರು ಒಂದು ಬದಿ, ಕೊನೆಯ ಮೂರು ಇನ್ನೊಂದು ಬದಿ ಎಂದು ಅದು ಊಹಿಸಿಕೊಳ್ಳುತ್ತದೆ. ಆದರೆ ಐಪಿಎಂಐ ಅಥವಾ ರೆಡ್‌ಫಿಶ್ (ಯಂತ್ರದ ಸ್ಥಿತಿಯನ್ನು ದೂರದಿಂದ ಓದುವ ನಿರ್ವಹಣಾ ವಿಧಾನಗಳು) ಮೂಲಕ ಪ್ರತಿ ಸಪ್ಲೈಗೆ ಒಳಬರುವ ವೋಲ್ಟೇಜನ್ನು ಓದಬಹುದು. ಎರಡು ಯುಪಿಎಸ್‌ಗಳ ವೋಲ್ಟೇಜ್ ಒಂದೆರಡು ಅಂಕಿಯಷ್ಟಾದರೂ ಬೇರೆಯಿರುವುದುಂಟು. ನಮ್ಮ ಹಳೆಯ ದಾಖಲೆ ತೆಗೆದಾಗ 1, 2, 3ರಲ್ಲಿ 228, 4 ಮತ್ತು 6ರಲ್ಲಿ 232 ಇತ್ತು; ಐದನೆಯದರಲ್ಲಿ 228. ಎಂಟು ತಿಂಗಳಿಂದ ಆ ಅಂಕಿ ಅಲ್ಲೇ ಕುಳಿತಿತ್ತು.

ಇನ್ನೊಂದು ತಪ್ಪು ಬಳಕೆಯ ನಕ್ಷೆಯದು. ನಾವು ನೋಡುತ್ತಿದ್ದುದು ದಿನದ ಸರಾಸರಿ. ಬ್ಯಾಕಪ್ ಹೊತ್ತಿನ ಏರಿಕೆ ಅದರಲ್ಲಿ ಕರಗಿಹೋಗುತ್ತಿತ್ತು. ನಿರ್ವಹಣೆಯ ವೇಳೆಯನ್ನು ಗೊತ್ತುಮಾಡುವಾಗ ಗರಿಷ್ಠ ಬಳಕೆಯನ್ನೇ ನೋಡಬೇಕು.

ಆದ ನಷ್ಟ ಸಣ್ಣದಲ್ಲ. ಬ್ಲೇಡ್‌ಗಳನ್ನು ಒಂದೊಂದಾಗಿ ಎಬ್ಬಿಸಲು ಬೆಳಗಾಯಿತು. ಶುಲ್ಕದ ಡೇಟಾಬೇಸ್‌ನ ಒಂದು ಭಾಗ ಕೆಟ್ಟು ಹಿಂದಿನ ರಾತ್ರಿಯ ಪ್ರತಿಗೆ ಮರಳಬೇಕಾಯಿತು, ಕಚೇರಿಯ ಸಿಬ್ಬಂದಿ ಒಂದು ಇಡೀ ದಿನದ ರಸೀದಿಗಳನ್ನು ಮುಂದಿಟ್ಟುಕೊಂಡು ಕೈಯಾರೆ ಮತ್ತೆ ನಮೂದಿಸಿದರು. ಒಂದು ಕೇಬಲ್ಲಿನ ತಪ್ಪಿಗೆ ಅವರು ಪಟ್ಟ ಶ್ರಮ ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ‘ಎ’ ಬದಿಗೆ ಕೆಂಪು ಕೇಬಲ್, ‘ಬಿ’ ಬದಿಗೆ ನೀಲಿ ಕೇಬಲ್, ಎರಡೂ ತುದಿಗೆ ಚೀಟಿ. ಪವರ್ ಸಪ್ಲೈ ಬದಲಿಸಿದ ಪ್ರತಿ ಸಲವೂ ವೋಲ್ಟೇಜ್ ಓದಿ ಬರೆದಿಡುತ್ತೇವೆ. ಮೂರು ತಿಂಗಳಿಗೊಮ್ಮೆ, ಎಲ್ಲರಿಗೂ ಮೊದಲೇ ತಿಳಿಸಿ, ಬ್ಯಾಕಪ್ ನಡೆಯುವ ಹೊತ್ತಿನಲ್ಲೇ ಒಂದು ಬದಿಯ ಪಿಡಿಯು ಆರಿಸಿ ಪರೀಕ್ಷಿಸುತ್ತೇವೆ. ಕಳೆದ ಪರೀಕ್ಷೆಯಲ್ಲಿ 5700 ವ್ಯಾಟ್ ಬಳಕೆಯಿದ್ದಾಗ ಉಳಿದ ಮೂರು ಸಪ್ಲೈಗಳು ತಲಾ 1900 ವ್ಯಾಟ್ ಹೊತ್ತು ನಿಂತವು.