ಸ್ಟುಟ್‌ಗಾರ್ಟ್ ಕಡೆ ಹೋದವರು ಮಾರ್ಬಾಖ್ ಬಿಡಬೇಡಿ

ಹಾಸನ, ಚಿಕ್ಕಮಗಳೂರಿನಿಂದ ಜರ್ಮನಿಗೆ ಮಕ್ಕಳ ಮನೆಗೆ ಹೋಗಿಬರುವ ನಮ್ಮಂಥವರು ಈಗ ಜಾಸ್ತಿ, ಅವರಿಗೇ ಇದು. ಕಾರಿನ ಮ್ಯೂಸಿಯಂ ಹೇಗೂ ತೋರಿಸುತ್ತಾರೆ. ಅದು ಮುಗಿದ ಮೇಲೆ ಒಂದು ದಿನ ಎಸ್4 ಲೋಕಲ್ ರೈಲು ಹತ್ತಿ ಮಾರ್ಬಾಖ್‌ಗೆ ಹೋಗಿ, ಅರ್ಧ ಗಂಟೆ ದಾರಿ. ಅಲ್ಲಿನ ಸಾಹಿತ್ಯ ಮ್ಯೂಸಿಯಂಗಳಿಗೆ ಸೋಮವಾರ ರಜೆ. ನಾವು ಅದನ್ನು ನೋಡದೆ ಹೋಗಿ, ಸುಮ್ನೆ ನೆಕ್ಕರ್ ನದಿ ನೋಡಿಕೊಂಡು ವಾಪಸ್ ಬಂದು, ಮಾರನೇ ದಿನ ಮತ್ತೆ ಹೋದೆವು.

ಕವಿ ಷಿಲ್ಲರ್ 1759ರಲ್ಲಿ ಹುಟ್ಟಿದ ಊರು ಇದು. ಗುಡ್ಡದ ಮೇಲೆ 1903ರಲ್ಲಿ ತೆರೆದ ಅವನ ಹೆಸರಿನ ಮ್ಯೂಸಿಯಂ, ಪಕ್ಕದಲ್ಲೇ 2006ರ ಹೊಸ ಸಾಹಿತ್ಯ ಮ್ಯೂಸಿಯಂ. 1955ರಲ್ಲಿ ಶುರುವಾದ ಹಸ್ತಪ್ರತಿಗಳ ಸಂಗ್ರಹವೂ ಅಲ್ಲೇ ಇದೆ.

ಹೊಸದರ ಒಳಗೆ ಕಾಲಿಟ್ಟಾಗ ನಮ್ಮೂರಿನ ಹಾಗೆ ಕರೆಂಟ್ ಹೋಗಿದೆಯೇನೋ ಅಂದುಕೊಂಡೆ. ಕಾಗದ, ಶಾಯಿ ಹಾಳಾಗಬಾರದು ಅಂತ ಬೆಳಕನ್ನು 50 ಲಕ್ಸ್‌ಗೆ ಇಳಿಸಿದ್ದಾರಂತೆ. ಕಣ್ಣು ಹೊಂದಿಕೊಳ್ಳುವವರೆಗೆ ನಿಂತಲ್ಲೇ ನಿಲ್ಲಿ.

ನಾನು ಹೋಗಿದ್ದೇ ಕಾಫ್ಕಾನ ‘ದಿ ಟ್ರಯಲ್’ ಕಾದಂಬರಿಯ ಹಸ್ತಪ್ರತಿ ನೋಡೋಕೆ. 1988ರಲ್ಲಿ ಲಂಡನ್ ಹರಾಜಿನಲ್ಲಿ ಹತ್ತು ಲಕ್ಷ ಪೌಂಡ್ ಕೊಟ್ಟು ತಂದದ್ದು ನೋಟ್‌ಬುಕ್ಕಿನಿಂದ ಹರಿದ ಬಿಡಿ ಹಾಳೆಗಳನ್ನು! ಮೊದಲ ವಾಕ್ಯದಲ್ಲೇ ಒಂದು ಕಾಟು ಇದೆ. ಒಂದು ಬೆಳಗ್ಗೆ ಕಥಾನಾಯಕ ‘ಸೆರೆಯಾಗಿದ್ದ’ ಅನ್ನೋ ಅರ್ಥದ ಮಾತನ್ನು ಕಾಫ್ಕಾ ಬರೆದು, ಹೊಡೆದುಹಾಕಿ, ‘ಬಂಧಿಸಲಾಯಿತು’ ಅಂತ ಮಾಡಿದ್ದಾನೆ. ಮಗಳು ಅರ್ಥ ಹೇಳಿದಾಗ ಮೈ ಜುಮ್ಮೆಂದಿತು. ಯಾರೋ ಬಂದು ಹಿಡಿದರು ಅಂತ ಆಗಿಬಿಟ್ಟಿತಲ್ಲ, ಒಂದೇ ಶಬ್ದಕ್ಕೆ! ಅಚ್ಚಾದ ಪುಸ್ತಕದಲ್ಲಿ ಇದು ಕಾಣುವುದಿಲ್ಲ ಅಲ್ವಾ. ನಮ್ಮ ಮೂಡಿಗೆರೆ ತೋಟದ ಮನೆಯಲ್ಲಿ ಮಾವನವರು ಬರೆದಿಟ್ಟ ದಿನಚರಿಗಳಿದ್ದವು, ಎರಡು ಮಳೆಗಾಲ ಟ್ರಂಕ್ ತೆಗೆಯಲಿಲ್ಲ, ಮೂರನೆಯದಕ್ಕೆ ತೆಗೆದರೆ ಬರೀ ಗೆದ್ದಲು ಮಣ್ಣು. ಅದೇ ನೆನಪಾಗಿ ಹೊಟ್ಟೆ ಉರಿಯಿತು.

‘ಸಿದ್ಧಾರ್ಥ’ ಕಾದಂಬರಿ ಬರೆದ ಹೆರ್ಮನ್ ಹೆಸ್ಸೆಯ ಕಾಗದಪತ್ರಗಳೂ ಈ ಸಂಗ್ರಹದಲ್ಲಿವೆ. ಅವನ ತಾಯಿ ಹುಟ್ಟಿದ್ದು ಇಲ್ಲೇ ಘಟ್ಟದ ಕೆಳಗೆ, ತಲಶ್ಶೇರಿಯಲ್ಲಿ. ಪ್ರದರ್ಶನ ಆಗಾಗ ಬದಲಾಗುತ್ತದೆ, ಏನಿದೆ ಅಂತ ಮೊದಲೇ ನೋಡಿಕೊಳ್ಳಿ. ಜರ್ಮನ್ ಬಲ್ಲವರೊಬ್ಬರು ಜೊತೆಗಿದ್ದರೆ ಮಜಾ ಬೇರೆ.

ನಮ್ಮ ಯಜಮಾನರಿಗೆ ಸಾಹಿತ್ಯ ಅಷ್ಟಕ್ಕಷ್ಟೇ, ಬೇಗ ನಡಿ ಅಂತಿದ್ದರು. ಮಕ್ಕಳ ಕಥೆ ಬರೆಯುತ್ತಿದ್ದ ಕೆಸ್ಟ್ನರ್ ಶಾರ್ಟ್‌ಹ್ಯಾಂಡ್‌ನಲ್ಲಿ ಬರೆಯುತ್ತಿದ್ದ ಅಂತ ಗೊತ್ತಾಗಿದ್ದೇ ತಡ, ಹಾಸನದ ಟೈಪಿಂಗ್ ಇನ್‌ಸ್ಟಿಟ್ಯೂಟಲ್ಲಿ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಪಾಸಾದ ಮನುಷ್ಯ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟರು. ಅದು ಜರ್ಮನ್ನರ ಗಾಬೆಲ್ಸ್‌ಬರ್ಗರ್ ಪದ್ಧತಿ, ಒಂದು ಗೆರೆಯೂ ಗೊತ್ತಾಗಲಿಲ್ಲ. ವಾಪಸ್ ರೈಲಿನಲ್ಲಿ ಟಿಕೆಟ್ ಹಿಂದೆ ಏನೋ ಗೀಚುತ್ತಲೇ ಇದ್ದರು.