ರಬ್ಬರ್ ತೋಟದ ಹಾಲನ್ನು ಮುಖಕ್ಕೆ ಬಳಿಯಬೇಡಿ: ನನ್ನ ಜಾಂಬಿ ವೇಷದ ಕಥೆ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ಓದಿಕೊಂಡು ಹೋದರೂ ಸಾಕು. ರಬ್ಬರ್ ತೋಟದಿಂದ ತಂದ ಹಾಲನ್ನು ಮುಖಕ್ಕೆ ಹಚ್ಚಬೇಡಿ. ಕೈಗೂ ಬೇಡ. "ಮೇಕಪ್‌ಗೆ ಬಳಸೋ ಲಿಕ್ವಿಡ್ ಲೇಟೆಕ್ಸ್ ಅಂದ್ರೆ ರಬ್ಬರ್ ಹಾಲೇ ಅಲ್ವಾ, ದುಡ್ಡು ಕೊಟ್ಟು ಯಾಕೆ ತರಿಸಬೇಕು" ಅಂತ ನನಗೂ ಅನಿಸಿತ್ತು. ಆ ಉಳಿತಾಯದಲ್ಲಿ ನನ್ನ ಎಡ ಹುಬ್ಬು ಹೋಯಿತು.

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗದಲ್ಲಿ ಕೆಲಸ. ಹೋದ ವರ್ಷ ಅಕ್ಟೋಬರ್ ಕೊನೆಗೆ ಶಿವಮೊಗ್ಗದಲ್ಲಿ ಗೆಳೆಯರೆಲ್ಲ ಸೇರಿ ಒಂದು ವೇಷದ ಸ್ಪರ್ಧೆ ಇಟ್ಟುಕೊಂಡಿದ್ದರು. ನನಗೆ ಸ್ಟಾರ್ಮ್‌ಟ್ರೂಪರ್ ಆಗಬೇಕಿತ್ತು. ಸ್ಟಾರ್ ವಾರ್ಸ್ ಸಿನಿಮಾಗಳಲ್ಲಿ 1977ರಿಂದ ಪರದೆ ಮೇಲೆ ಓಡಾಡುತ್ತಿರುವ ಆ ಬಿಳಿ ಕವಚದ ಸೈನಿಕ. ಮಾಮೂಲಿ ಸೈನಿಕ ಅಲ್ಲ, ಜಾಂಬಿ, ಅಂದರೆ ಸತ್ತು ಎದ್ದು ಬಂದವನು. ಹೆಲ್ಮೆಟ್ ಅರ್ಧ ಒಡೆದಿರಬೇಕು, ಒಡೆದ ಕಡೆಯಿಂದ ಕೊಳೆತ ಕೆನ್ನೆ ಕಾಣಬೇಕು. ಎದೆಯ ಕವಚದಲ್ಲಿ ತೂತು, ತೂತಿನೊಳಗೆ ಮಾಂಸ. ಅಷ್ಟು ಶುಭ್ರ ಬಿಳಿಯ ಒಳಗಿಂದ ಕೊಳೆತದ್ದು ಇಣುಕಿದರೆ ಮೈ ಜುಮ್ ಅನ್ನುತ್ತದೆ. ಐಡಿಯಾ ಈಗಲೂ ಒಳ್ಳೆಯದೇ ಅಂತೀನಿ. ಮಾಡಿದ ರೀತಿ ಮಾತ್ರ ಹಾಳು.

ಅಸಲಿ ಕವಚವನ್ನು ಎಬಿಎಸ್ ಪ್ಲಾಸ್ಟಿಕ್ ಹಾಳೆ ಕಾಯಿಸಿ, ಅಚ್ಚಿನ ಮೇಲೆ ಹರಡಿ, ಕೆಳಗಿನಿಂದ ಗಾಳಿ ಎಳೆದು ಮಾಡುತ್ತಾರೆ. ಅದನ್ನು ಹೊರದೇಶದಿಂದ ತರಿಸುವಷ್ಟು ನನ್ನ ಸಂಬಳ ಇಲ್ಲ. ಹಾಗಾಗಿ ಇವಿಎ ಫೋಮ್. ಚಿಕ್ಕ ಮಕ್ಕಳು ಕೂರುವ, ಒಂದಕ್ಕೊಂದು ಸಿಕ್ಕಿಸುವ ನೆಲದ ಮ್ಯಾಟ್ ಇರುತ್ತಲ್ಲ, ಅದೇ. ಕತ್ತರಿಸಿ, ಹೀಟ್ ಗನ್‌ನಲ್ಲಿ ಬಿಸಿ ಮಾಡಿ, ತೊಡೆ ಮೇಲೆ ಒತ್ತಿ ಹಿಡಿದರೆ ಬೇಕಾದ ಹಾಗೆ ಬಾಗುತ್ತದೆ. ತಣ್ಣಗಾದ ಮೇಲೆ ಆ ಆಕಾರ ಹಾಗೇ ನಿಲ್ಲುತ್ತದೆ.

ಕೆಲಸ ಶುರು ಮಾಡಿದ್ದು ಆಗಸ್ಟ್‌ನಲ್ಲಿ. ಮೊದಲ ದಡ್ಡತನ ಅದೇ. ವಾರಾಂತ್ಯಕ್ಕೆ ಊರಿಗೆ ಹೋದಾಗ ಅಟ್ಟದ ಮೇಲೆ ಕೂತು ಮಾಡುತ್ತಿದ್ದೆ. ಹೊರಗೆ ಜಡಿಮಳೆ, ಕಿಟಕಿ ಭದ್ರ. ಒಳಗೆ ಚಪ್ಪಲಿಗೆ ಹಾಕುವ ಹಳದಿ ಅಂಟಿನ ಡಬ್ಬಿ ತೆರೆದಿದೆ. ಆ ಅಂಟಿನಲ್ಲಿ ಟೊಲುವಿನ್ ಥರದ ದ್ರಾವಕ ಇರುತ್ತದೆ. ಒಂದು ಗಂಟೆಯಲ್ಲಿ ತಲೆ ಧಿಂ ಅಂದಿತು, ಎರಡನೇ ಗಂಟೆಗೆ ವಾಂತಿ. ಅಮ್ಮ ಕಾಫಿ ಹೆಚ್ಚಾಯಿತು ಅಂದುಕೊಂಡರು, ನಾನೂ ಹೂಂ ಅಂದೆ. ಇಷ್ಟೆಲ್ಲ ಆಗಿ ಅಂಟಾದರೂ ಹಿಡಿಯಿತಾ, ಅದೂ ಇಲ್ಲ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿರುವ ತೇವ ಅಲ್ಲೇ ಬಂದು ಕೂರುತ್ತದೆ. ಎರಡು ತುಂಡು ಸೇರಿಸಿದರೆ ನಡುವೆ ಕಣ್ಣಿಗೆ ಕಾಣದ ನೀರಿನ ಪೊರೆ. ಮಾರನೇ ವಾರ ಬಂದು ನೋಡಿದರೆ ಭುಜದ ಗಂಟೆಯಾಕಾರದ ತುಂಡು ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

ಬೆಂಕಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಬರೆಯೋಕೂ ನಾಚಿಕೆ. ಗುಂಡು ತಾಗಿದ ತೂತು ಮಾಡಲು ಬಚ್ಚಲ ಒಲೆಯಲ್ಲಿ ಸಲಾಕೆ ಕಾಯಿಸುತ್ತಿದ್ದೆ. ಅಂಟಿನ ಡಬ್ಬಿ ಪಕ್ಕದಲ್ಲೇ, ಮುಚ್ಚಳ ತೆಗೆದು. ಆ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಭಪ್ ಅಂತ ಒಂದು ನೀಲಿ ಉರಿ ಓಡಿತು. ಕಾಲಿನ ರೋಮ ಹೋಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟರು.

ಈಗ ಹಾಲಿನ ವಿಷಯಕ್ಕೆ ಬರುತ್ತೇನೆ.

ಜಾಂಬಿ ಚರ್ಮ ಮಾಡುವ ಮಾಮೂಲಿ ವಿಧಾನ ಸುಲಭ. ಲಿಕ್ವಿಡ್ ಲೇಟೆಕ್ಸ್ ಒಂದು ಪದರ, ಮೇಲೆ ಹತ್ತಿ ಅಥವಾ ಟಿಶ್ಯೂ ಕಾಗದ, ಮತ್ತೊಂದು ಪದರ. ಆರಿದ ಮೇಲೆ ನಡುವೆ ಸೀಳಿ ಕಿತ್ತರೆ ಚರ್ಮ ಹರಿದ ಹಾಗೆಯೇ ಕಾಣುತ್ತದೆ. ಮೇಕಪ್‌ಗೆ ಅಂತ ಮಾರುವ ಸಣ್ಣ ಬಾಟಲಿ ತರಿಸಿದ್ದೆ, ಎದೆಯ ಒಂದು ಗಾಯಕ್ಕೇ ಖಾಲಿ. ಇನ್ನೂ ನಾಲ್ಕು ಗಾಯ, ಒಂದು ಮುಖ ಬಾಕಿ. ಆಗ ನೆನಪಾಗಿದ್ದು ಪರಿಚಯದವರ ರಬ್ಬರ್ ತೋಟ. ಅಡಿಕೆ ಜೊತೆಗೆ ರಬ್ಬರ್ ಹಾಕಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರು ನಗುತ್ತಾ ಐದು ಲೀಟರಿನ ಕ್ಯಾನ್ ಒಂದನ್ನು ಕೊಟ್ಟರು. "ಅಮೋನಿಯಾ ಹಾಕಿದ ಹಾಲು ಮಾರಾಯ, ಮೂಗು ಹತ್ರ ಹಿಡೀಬೇಡ" ಅಂತ ಎಚ್ಚರಿಸಿಯೂ ಇದ್ದರು. ಅವರದ್ದು ಏನೂ ತಪ್ಪಿಲ್ಲ. ಇದನ್ನು ಮುಖಕ್ಕೆ ಬಳಿದುಕೊಳ್ಳುವವನೂ ಇರುತ್ತಾನೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಮರದಿಂದ ಇಳಿಸಿದ ಹಾಲನ್ನು ಹಾಗೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿ, ಕೊಳೆತು ನಾರುತ್ತದೆ. ಅದರಿಂದ ರಬ್ಬರ್ ಶೀಟ್ ಮಾಡುವವರು ಆಸಿಡ್ ಹಾಕಿ ಅವರೇ ಹೆಪ್ಪುಗಟ್ಟಿಸುತ್ತಾರೆ. ಹಾಲಾಗಿಯೇ ಇಡಬೇಕಾದವರು ಅಮೋನಿಯಾ ಹಾಕುತ್ತಾರೆ. ಕಾರ್ಖಾನೆಯಲ್ಲಿ ಸಾಂದ್ರಗೊಳಿಸಿದ ಲೇಟೆಕ್ಸ್‌ನಲ್ಲಿ ಶೇಕಡಾ 60ರಷ್ಟು ರಬ್ಬರ್ ಇರುತ್ತದೆ. ಅಮೋನಿಯಾ ಜಾಸ್ತಿ ಇರುವ ಬಗೆಯಲ್ಲಿ ಅದು ಶೇಕಡಾ 0.7ರ ಆಸುಪಾಸು, ಕಡಿಮೆ ಇರುವ ಬಗೆಯಲ್ಲಿ 0.2. ತೋಟದ ಕ್ಯಾನಿನಲ್ಲಿ ಈ ಲೆಕ್ಕ ಯಾವುದೂ ಇಲ್ಲ. ಅಲ್ಲಿ ಅಳತೆ ಅಂದರೆ ಕಣ್ಣಳತೆ. ಹಾಲೂ ನೀರು ನೀರು, ಹಾಗಾಗಿ ಒಂದು ದಪ್ಪ ಪದರಕ್ಕೆ ನಾಲ್ಕೈದು ಸಲ ಬಳಿಯಬೇಕು. ಪ್ರತಿ ಸಲವೂ ಹೊಸ ಅಮೋನಿಯಾ.

ಕವಚದ ಮೇಲೆ ಅದು ಚೆನ್ನಾಗಿಯೇ ಕೂತಿತು, ಸುಳ್ಳು ಹೇಳಬಾರದು. ಆರುತ್ತಾ ಹಳದಿಗೆ ತಿರುಗಿ, ಸುಕ್ಕುಗಟ್ಟಿ, ಹಳೇ ಹೆಣದ ಚರ್ಮದ ಹಾಗೆಯೇ ಆಯಿತು. ವಾಸನೆಯೂ ಅದಕ್ಕೆ ತಕ್ಕಂತೆ. ರಕ್ತಕ್ಕೆ ಮೊದಲು ಸಕ್ಕರೆ ಪಾಕಕ್ಕೆ ಬಣ್ಣ ಕಲಸಿ ಹಚ್ಚಿ ಅಂಗಳದಲ್ಲಿ ನೇತು ಹಾಕಿದ್ದೆ, ಬೆಳಗ್ಗೆ ಎದ್ದು ನೋಡಿದರೆ ಎದೆ ತುಂಬ ಚಗಳಿ, ಅದೇ ಕಚ್ಚುವ ಕೆಂಪಿರುವೆ. ವರ್ಷಗಟ್ಟಲೆ ಚಗಳಿ ಚಟ್ನಿ ತಿಂದ ಲೆಕ್ಕ ಚುಕ್ತಾ. ಆಮೇಲೆ ಹೊಳೆದದ್ದು ಚೊಗರು. ಅಡಿಕೆ ಬೇಯಿಸಿದ ಚೊಗರು ಹಿಂದಿನ ವರ್ಷದ್ದು ಡಬ್ಬಿಯಲ್ಲಿ ಇತ್ತು. ಒಣಗಿದ ರಕ್ತದ ಬಣ್ಣ ಬೇಕಿದ್ದರೆ ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗಲಿಕ್ಕಿಲ್ಲ. ತುಕ್ಕು ಹಿಡಿದ ಮೊಳೆ ನೆನೆಸಿಟ್ಟ ವಿನಿಗರ್ ಒಂದು ಚಮಚ ಸೇರಿಸಿದರೆ ಚೊಗರಿನ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ, ಥೇಟ್ ಹಳೇ ರಕ್ತ. ಇಡೀ ವೇಷದಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ. ಬಟ್ಟೆಗೆ, ಫೋಮ್‌ಗೆ ಹಚ್ಚಿ, ಮೈಗೆ ಬೇಡ. ವಾರಗಟ್ಟಲೆ ಹೋಗುವುದಿಲ್ಲ.

ಹಾಲಿನ ಕೆಲಸ ನಡೆದ ಮೂರು ವಾರವೂ ನಾನು ಬರಿಗೈಯಲ್ಲಿ ಲೇಟೆಕ್ಸ್ ಮುಟ್ಟುತ್ತಿದ್ದೆ. ಬೆರಳ ಸಂದಿಯಲ್ಲಿ ತುರಿಕೆ ಶುರುವಾಗಿತ್ತು. ಮಳೆಗಾಲದ ಕೆಸರು ಹುಣ್ಣು ಇರಬೇಕು ಅಂತ ಸುಮ್ನೆ ಕೊಬ್ಬರಿ ಎಣ್ಣೆ ಸವರಿಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸ್ಪರ್ಧೆಯ ದಿನ ಕವಚವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಸ್ಸಿನ ಮೇಲೆ ಹಾಕಿದೆ. ವಾಸನೆಗೆ ಕಂಡಕ್ಟರ್ ಒಳಗೆ ಬಿಡಲಿಲ್ಲ. "ಎಂಥದ್ದು ಸತ್ತಿದ್ದು ಇದ್ರಲ್ಲಿ?" ಅಂದ. ಸೈನಿಕ ಅಂತ ಹೇಳೋಕಾಗತ್ತಾ? ಮಂಡಗದ್ದೆ ದಾಟುವಾಗ ಮಳೆ ಹಿಡಿಯಿತು, ಸಕ್ರೆಬೈಲಿನವರೆಗೂ ಬಿಡಲಿಲ್ಲ. ಫೋಮ್‌ನ ಮೇಲ್ಮೈಯ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಲು ನಾನು ಮರಗೆಲಸದ ಬಿಳಿ ಅಂಟನ್ನು ನೀರಲ್ಲಿ ಕದಡಿ ಐದು ಕೋಟ್ ಹೊಡೆದಿದ್ದೆ. ಆ ಅಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಶಿವಮೊಗ್ಗದಲ್ಲಿ ಚೀಲ ಬಿಚ್ಚಿದರೆ ಬೆನ್ನಿನ ಕವಚದ ಬಣ್ಣ ಹಾವಿನ ಪೊರೆಯ ಹಾಗೆ ಕಳಚಿ ಬಂತು. ಜಾಂಬಿ ಅಲ್ವಾ, ಇದೂ ಒಂದು ಎಫೆಕ್ಟ್ ಅಂತ ಸಮಾಧಾನ ಮಾಡಿಕೊಂಡೆ. ಹೆಲ್ಮೆಟ್ ಒಳಗಿನ ಸ್ಪಂಜಿಗೆ ಹಸಿರು ಬೂಸ್ಟು ಹಿಡಿದಿತ್ತು. ಅದನ್ನೂ ಹಾಗೇ ಬಿಟ್ಟೆ.

ಮುಖಕ್ಕೆ ಹಚ್ಚಿದ್ದು ಮಧ್ಯಾಹ್ನ ಮೂರಕ್ಕೆ. ಎಡಗೆನ್ನೆ, ಹಣೆ, ಹುಬ್ಬಿನ ಮೇಲೆಯೇ. ಹತ್ತಿ, ಹಾಲು, ಹತ್ತಿ, ಹಾಲು. ಉರಿಯಿತು. ಕಣ್ಣಲ್ಲಿ ನೀರು ಸುರಿಯಿತು. ಗೆಳೆಯ ಹೇರ್ ಡ್ರೈಯರ್ ಹಿಡಿದು, "ಉರಿ ಆದ್ರೆ ಹಿಡೀತಿದೆ ಅಂತ ಅರ್ಥ" ಅಂದ. ಅದನ್ನು ಅವನು ಎಲ್ಲಿ ಓದಿದನೋ ದೇವರೇ ಬಲ್ಲ. ಪೂರ್ತಿ ಆರುವ ಮೊದಲೇ ಹೆಲ್ಮೆಟ್ ಹಾಕಿಬಿಟ್ಟೆವು. ಅಂದರೆ ಅಮೋನಿಯಾ ಆವಿ, ಬೂಸ್ಟು, ನನ್ನ ಉಸಿರು, ಎಲ್ಲ ಒಂದೇ ಡಬ್ಬಿಯಲ್ಲಿ.

ಅಪಾಯ ಇದ್ದದ್ದು ಬರೀ ಹಾಲಿನಲ್ಲಿ ಅಲ್ಲ, ಹಾಲು ಮತ್ತು ಕವಚ ಎರಡೂ ಸೇರಿದ್ದರಲ್ಲಿ. ಆ ಕವಚವನ್ನು ಹಾಕಿಕೊಂಡವನೇ ಬಿಚ್ಚಲು ಆಗುವುದಿಲ್ಲ. ಬೆನ್ನ ಹಿಂದೆ ಬಕಲ್, ಭುಜದ ಕೆಳಗೆ ಎಲಾಸ್ಟಿಕ್, ಕೈಗೆ ದಪ್ಪ ಗವಸು. ಹೆಲ್ಮೆಟ್ ಜಾರಬಾರದು ಅಂತ ಕುತ್ತಿಗೆಯ ಸುತ್ತ ಟೇಪ್ ಬೇರೆ ಸುತ್ತಿದ್ದೆವು. ಕೂರಲು ಆಗಲ್ಲ, ಮುಖ ಒರೆಸಲು ಆಗಲ್ಲ. ನನ್ನ ಸರದಿ ಬರುವುದು ಎರಡೂವರೆ ಗಂಟೆ ತಡವಾಯಿತು. ಗೋಡೆಗೆ ಒರಗಿ ನಿಂತಿದ್ದೆ. ತುರಿಕೆ ಗಲ್ಲದಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ ಹೋಯಿತು. ತುಟಿ ದಪ್ಪಗಾಗುತ್ತಿರುವುದು ಗೊತ್ತಾಯಿತು. ಬಿಚ್ಚು ಅಂತ ಹೇಳೋಣ ಅಂದರೆ ಬಕಲ್ ಹಾಕಿದ ಮಹಾನುಭಾವ ಬೋಂಡ ತಿನ್ನಲು ಹೋಗಿದ್ದಾನೆ. ನಾನು ಕೈ ಬೀಸಿ, ಗೊರಗೊರ ಅಂದು, ತೂರಾಡಿದೆ. ಜನ ಚಪ್ಪಾಳೆ ತಟ್ಟಿದರು. ಮೊಬೈಲ್ ಹಿಡಿದರು. ಒಬ್ಬ ಹುಡುಗಿ ಮಾತ್ರ ಹತ್ತಿರ ಬಂದು, "ಅಣ್ಣ, ನಿಮ್ಗೆ ನಿಜವಾಗ್ಲೂ ಏನೋ ಆಗ್ತಿದೆ ಅಲ್ವಾ?" ಅಂತ ಕೇಳಿದಳು. ಆ ತಂಗಿ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಟೇಪು ಕುಯ್ದು ಹೆಲ್ಮೆಟ್ ಎಳೆದದ್ದು ಅವಳೇ.

ಆಮೇಲೆ ನಾನು ಮಾಡಿದ್ದು ಕೊನೆಯ ದಡ್ಡತನ. ಗಾಬರಿಯಲ್ಲಿ ಆ ಪದರವನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತೆ. ಹುಬ್ಬು ಅದರ ಜೊತೆಗೇ ಬಂತು. ಕೆನ್ನೆಯ ಮೇಲ್ಪದರವೂ ಅಲ್ಲಲ್ಲಿ ಬಂತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಡಾಕ್ಟರ್ ಹೇಳಿದ್ದು ಎರಡು ವಿಷಯ. ಒಂದು, ಅಮೋನಿಯಾದಿಂದ ಚರ್ಮ ಸುಟ್ಟಿದೆ. ಇನ್ನೊಂದು, ಲೇಟೆಕ್ಸ್ ಅಲರ್ಜಿ. ರಬ್ಬರ್ ಹಾಲಿನಲ್ಲಿರುವ ಪ್ರೋಟೀನ್ ಕೆಲವರ ಮೈಗೆ ಆಗುವುದಿಲ್ಲ, ಮತ್ತೆ ಮತ್ತೆ ಮುಟ್ಟುತ್ತಿದ್ದರೆ ಅದು ಜೋರಾಗುತ್ತಾ ಹೋಗುತ್ತದೆ. ನನ್ನ ಬೆರಳ ತುರಿಕೆ ಅದರ ಮುನ್ಸೂಚನೆ. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಬೆಪ್ಪಾದೆ. "ಬಾಳೆಹಣ್ಣು ತಿಂದ್ರೆ ಬಾಯಿ ತುರಿಸ್ತದಾ?" ತುರಿಸುತ್ತದೆ. ಚಿಕ್ಕಂದಿನಿಂದಲೂ. ಬಾಳೆಹಣ್ಣು ಅಂದರೆ ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ! ಬಾಳೆ, ಬೆಣ್ಣೆಹಣ್ಣು, ಕಿವಿ ಹಣ್ಣಿನಲ್ಲಿ ರಬ್ಬರ್ ಹಾಲಿನದ್ದನ್ನು ಹೋಲುವ ಪ್ರೋಟೀನ್ ಇರುತ್ತದಂತೆ. ಒಂದು ಆಗದವರಿಗೆ ಇನ್ನೊಂದೂ ಆಗದಿರಬಹುದು. ಈಗ ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಮೊದಲು ಅವರ ಕೈಗವಸು ಯಾವುದು ಅಂತ ಕೇಳುತ್ತೇನೆ.

ರೆಪ್ಪೆ ಬಾತು ನಾಲ್ಕು ದಿನ ಎಡಗಣ್ಣು ತೆರೆಯಲಿಲ್ಲ. ಊರಲ್ಲಿ ಯಕ್ಷಗಾನಕ್ಕೆ ಬಣ್ಣ ಹಚ್ಚುವ ಹಿರಿಯರೊಬ್ಬರು ನೋಡಲು ಬಂದರು. ಕಥೆ ಪೂರ್ತಿ ಕೇಳಿ, "ಮುಖಕ್ಕೆ ಎಣ್ಣೆ ಕೊಡ್ದೆ ನಾವು ಬಣ್ಣದ ಬಟ್ಲೇ ಮುಟ್ಟೋದಿಲ್ಲ ಮಾರಾಯ. ನೀನು ಸೀದಾ ಮುಖದ ಮೇಲೇ ಶೀಟ್ ಮಾಡಿದ್ಯಲ್ಲ" ಅಂದರು. ನಗು ಬಂತು, ಕೆನ್ನೆ ಉರಿಯಿತು.

ಇಷ್ಟಾದರೂ ಜಾಂಬಿ ಸೈನಿಕ ಆಗಲೇಬೇಕು ಅನ್ನುವವರು ಇದ್ದೇ ಇರುತ್ತೀರಿ. ಗಾಯವನ್ನು ಮುಖದ ಮೇಲೆ ಮಾಡಬೇಡಿ, ಗಾಜಿನ ಮೇಲೆ ಮಾಡಿ. ಪೂರ್ತಿ ಆರಿಸಿ, ಎಬ್ಬಿಸಿ, ಅಂಚನ್ನಷ್ಟೇ ಮುಖಕ್ಕೆ ಅಂಟಿಸಿ. ಮೇಕಪ್‌ಗೆ ಅಂತಲೇ ಮಾರುವ ಲೇಟೆಕ್ಸ್ ಆದರೂ ಮೊದಲು ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಬಾಳೆಹಣ್ಣಿಗೆ ಬಾಯಿ ತುರಿಸುವವರು ಆ ಚುಕ್ಕೆಯ ಪರೀಕ್ಷೆಯನ್ನೂ ಮಾಡಬೇಡಿ, ಸಿಲಿಕೋನ್‌ಗೆ ಹೋಗಿ. ಹುಬ್ಬು, ಗಡ್ಡದ ಮೇಲೆ ದಪ್ಪಗೆ ವ್ಯಾಸಲಿನ್. ಕವಚದ ಬಕಲ್ ಮುಂದೆ ಇರಲಿ, ಇಲ್ಲವೇ ವೆಲ್ಕ್ರೋ ಇರಲಿ, ಒಂದೇ ಎಳೆತಕ್ಕೆ ಬರಬೇಕು. ಅಂಟು, ಬಣ್ಣದ ಕೆಲಸ ಮಳೆ ಬಿಟ್ಟ ಮೇಲೆ, ಜಗಲಿಯಲ್ಲಿ.

ಈಗಾಗಲೇ ಹಚ್ಚಿಕೊಂಡು ಉರಿಯುತ್ತಿದ್ದರೆ ಕೀಳಬೇಡಿ. ಮೊದಲು ಹೆಲ್ಮೆಟ್ ತೆಗೆದು ಗಾಳಿಗೆ ಬನ್ನಿ. ಆರದ ಹಾಲು ಇದ್ದರೆ ನಲ್ಲಿಯ ಕೆಳಗೆ ಮುಖ ಹಿಡಿದು 20 ನಿಮಿಷ ತೊಳೆಯಿರಿ. ಆರಿದ್ದರೆ ಅಂಚಿಗೆ ಎಣ್ಣೆ ಬಿಟ್ಟು, ಉಗುರುಬೆಚ್ಚಗಿನ ನೀರಿನ ಬಟ್ಟೆ ಇಟ್ಟು, ನಿಧಾನಕ್ಕೆ ಸುರುಳಿ ಬಿಚ್ಚಿ. ತುಟಿ ಬಾತರೆ, ಉಸಿರು ಕಟ್ಟಿದರೆ ಇದ್ಯಾವುದೂ ಬೇಡ, 108ಕ್ಕೆ ಫೋನ್ ಮಾಡಿ. ಎರಡು ತಿಂಗಳ ಕೆಲಸ ಹಾಳಾಗುತ್ತದೆ ಅಂತ ನೋಡಬೇಡಿ, ಕತ್ತರಿ ತಗೊಂಡು ಕವಚ ಕತ್ತರಿಸಿ.

ನನ್ನದರಲ್ಲಿ ಬಲಭುಜ ಮತ್ತು ಎರಡು ಮೊಣಕಾಲಿನ ತುಂಡು ಮಾತ್ರ ಉಳಿದಿವೆ. ಅದರ ಮೇಲೆ ಲೇಟೆಕ್ಸ್ ಇಲ್ಲ, ಬರೀ ಚೊಗರು. ಯಾರಿಗಾದರೂ ಬೇಕಿದ್ದರೆ ಹೇಳಿ, ಬಿಸಿಲು ಬಂದ ದಿನ ಒಣಗಿಸಿ ಕೊಡುತ್ತೇನೆ.